ಹೆಬ್ಬೆರಳಿನ ಗೆಣ್ಣು

ಶ್ಯಾಮಲ ಚರ್ಮರೋಗ ವಿಭಾಗವನ್ನು ಆರಿಸಿಕೊಂಡದ್ದು ಬೇರೆ ಸೀಟು ಸಿಗದೆ ಅಲ್ಲ. ಪಿ.ಜಿ. ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಬಂದ ರ್‍ಯಾಂಕಿಗೆ ಮೆಡಿಸಿನ್ ಕೂಡ ಸಿಗುತ್ತಿತ್ತು. ಕಾಮಸಮುದ್ರದ ಹತ್ತಿರದ ಊರಿನಲ್ಲಿ ಹಸು ಕಟ್ಟಿಕೊಂಡಿದ್ದ ಅವಳ ಅಪ್ಪ ಮುನಿಸ್ವಾಮಪ್ಪನಿಗೆ ಇದು ಅರ್ಥವಾಗಲಿಲ್ಲ.

"ಕಜ್ಜಿ ತುರಿ ನೋಡಾಕೆ ಇಷ್ಟೊಂದು ಓದ್ಬೇಕೇನಮ್ಮ?"

"ಒಳಗಿರೋ ಕಾಯಿಲೆನ ಮಿಷಿನ್ ಇಟ್ಟು ನೋಡ್ಬೇಕಪ್ಪ. ಇದು ಕಣ್ಮುಂದೇನೇ ಇರ್ತದೆ. ನೋಡಾಕೆ ಕಲ್ತ್ರೆ ಸಾಕು."

ಆ ಕಲಿಕೆ ಅವಳು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಬೆಂಗಳೂರಿನ ಆ ಮೆಡಿಕಲ್ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಅನಸೂಯ, ರೋಗದ ಹೆಸರು ಹೇಳಲು ಹೊಸಬರಿಗೆ ಬಿಡುತ್ತಲೇ ಇರಲಿಲ್ಲ. "ಹೆಸರು ಆಮೇಲೆ. ಕಾಣ್ತಿರೋದನ್ನ ಹೇಳು. ಗಾಯ ಎಲ್ಲಿದೆ, ಎಲ್ಲಿಲ್ಲ?" ಎನ್ನುತ್ತಿದ್ದರು. ಎಲ್ಲಿಲ್ಲ ಎಂಬುದನ್ನು ನೋಡಲು ಶ್ಯಾಮಲಳಿಗೆ ಮೊದಲ ವರ್ಷವೆಲ್ಲ ಹಿಡಿಯಿತು. ಎಷ್ಟೋ ಸಲ ಎಲ್ಲರೆದುರು ಬೈಸಿಕೊಂಡಳು. ಆದರೆ ರೋಗಿಗಳನ್ನು ಮಾತಾಡಿಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ತಮಿಳು ಮಾತೇ ಹೆಚ್ಚಿರುವ ಮಾರಿಕುಪ್ಪಂನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪಿ.ಯು.ಸಿ. ಓದಿದ್ದರಿಂದ ಕನ್ನಡ, ತೆಲುಗು, ತಮಿಳು ಮೂರೂ ಅವಳ ನಾಲಿಗೆಯ ಮೇಲಿದ್ದವು.

ಎರಡನೆಯ ವರ್ಷದಲ್ಲಿ ವರಲಕ್ಷ್ಮಮ್ಮ ಎಂಬ ಹೆಂಗಸು ಆಸ್ಪತ್ರೆಗೆ ಬಂದಳು. ಜ್ವರ, ಕಂಕುಳಲ್ಲಿ ಗಡ್ಡೆ, ಕೈಬೆರಳುಗಳ ಮೇಲೆ ನಡು ಕುಳಿಬಿದ್ದ ದಪ್ಪ ಗುಳ್ಳೆಗಳು. ಪತ್ರಿಕೆಗಳಲ್ಲಿ ಮಂಕಿಪಾಕ್ಸ್ ಸುದ್ದಿ ಬರುತ್ತಿದ್ದ ಕಾಲ. ತುರ್ತು ವಿಭಾಗದವರು ಆಕೆಯನ್ನು ಪ್ರತ್ಯೇಕ ಕೋಣೆಗೆ ಹಾಕಿದರು. ಊಟ ತಂದವರು ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದರು.

ಶ್ಯಾಮಲ ಗೌನು, ಗ್ಲೌಸು ಹಾಕಿಕೊಂಡು ಒಳಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ಬಾಯೊಳಗೆ ನೋಡಿದಳು, ಏನೂ ಇರಲಿಲ್ಲ. ಮಂಕಿಪಾಕ್ಸ್ ಗುಳ್ಳೆಗಳು ಸಾಮಾನ್ಯವಾಗಿ ಏಳುವ ಬೆನ್ನು, ಅಂಗಾಲು, ಅಂಗೈ ಎಲ್ಲ ಚೊಕ್ಕಟ. ಗುಳ್ಳೆಗಳಿದ್ದದ್ದು ಎರಡೂ ಹೆಬ್ಬೆರಳುಗಳ ಗೆಣ್ಣಿನ ಮೇಲೆ, ತೋರುಬೆರಳುಗಳ ಒಳಬದಿಯಲ್ಲಿ, ಮತ್ತೆ ಕೆನ್ನೆಯ ಮೇಲೊಂದು.

"ಯಾವೂರಮ್ಮ?"

"ಕಾಮಸಮುದ್ರದಿಂದ ಆಚೆ, ತಾಯಿ."

"ನಮ್ದೂ ಆ ಕಡೇನೆ. ಮನೇಲಿ ಎಮ್ಮೆ ಐತಾ? ಆಲು ಎಂಗೆ ಕರೀತೀರಾ, ಒಸಿ ಕೈಯಾಡ್ಸಿ ತೋರ್ಸಿ."

ವರಲಕ್ಷ್ಮಮ್ಮ ಗಾಳಿಯಲ್ಲೇ ಕರೆದು ತೋರಿಸಿದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಗೆಣ್ಣಿಗೆ ಮೊಲೆತೊಟ್ಟನ್ನು ಒತ್ತಿ ಎಳೆಯುವ ರೀತಿ. ಶ್ಯಾಮಲಳೂ ಚಿಕ್ಕಂದಿನಲ್ಲಿ ಹಾಗೆಯೇ ಕರೆಯುತ್ತಿದ್ದಳು. ತೊಟ್ಟು ತಾಗುವ ಜಾಗವೂ ಗುಳ್ಳೆ ಎದ್ದ ಜಾಗವೂ ಒಂದೇ.

"ಎಮ್ಮೆ ಸರ್ಯಾಗಿ ಆಲು ಸೊರೆ ಬಿಡ್ತದಾ?"

"ಎಲ್ಲಿ ಬಿಡ್ತದೆ. ಕೆಚ್ಚಲು ಮುಟ್ಟಿದ್ರೆ ಜಾಡ್ಸಿ ಒದೀತದೆ. ಕರು ಕಚ್ಚಿ ಗಾಯ ಮಾಡೈತೆ ಅಂದ್ಕಂಡು ಎಣ್ಣೆ ಸವರ್ತಿದ್ದೆ." ತನ್ನ ಬೆರಳುಗಳನ್ನು ನೋಡಿಕೊಂಡು ಆಕೆ ಕೇಳಿದಳು, "ನಾನು ಉಳೀತೀನಾ, ಡಾಕ್ಟ್ರಮ್ಮ?"

"ಉಳೀತೀರಾ. ಇನ್ನೊಂದೆರಡು ವಾರಕ್ಕೆ ಗುಳ್ಳೆ ಒಣಗಿ ಅಕ್ಕಳೆ ಉದುರ್ತದೆ. ಕಲೆ ಒಂದು ಉಳ್ಕೋಬೌದು, ಅಷ್ಟೇ."

ಹೊರಗೆ ಬಂದವಳೇ ಅನಸೂಯ ಮೇಡಂ ಕೋಣೆಗೆ ಹೋದಳು. "ಮೇಡಂ, ಇದು ಎಮ್ಮೆಯಿಂದ ಬಂದ ಸಿಡುಬು. ಮಂಕಿಪಾಕ್ಸ್ ಅಲ್ಲ."

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. "ನೀನು ಹೇಳೋದು ಸರಿ ಕಾಣತ್ತೆ. ನೀನು ಆ ಎಮ್ಮೆ ನೋಡಿದ್ದೀಯಾ?"

"ಇಲ್ಲ."

"ಮತ್ತೆ?"

ಭಾನುವಾರ ಬೆಳಗ್ಗೆ ಶ್ಯಾಮಲ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದು ಕಾಮಸಮುದ್ರದ ಬಸ್ಸು ಹಿಡಿದಳು. ಅಲ್ಲಿನ ಪಶುವೈದ್ಯ ಸಾಯಿಕುಮಾರ್‌ಗೆ ಮೊದಲೇ ಫೋನು ಮಾಡಿದ್ದಳು. ಅವನು ಸ್ಯಾಂಪಲ್ ಡಬ್ಬಿಯೊಂದಿಗೆ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಇಬ್ಬರೂ ಅವನ ಬೈಕಿನಲ್ಲಿ ಊರು ತಲುಪಿದರು.

ವರಲಕ್ಷ್ಮಮ್ಮನ ಗಂಡ ದೊಡ್ಡವೆಂಕಟಪ್ಪ ಬಲಗೈಗೆ ಟವೆಲು ಸುತ್ತಿಕೊಂಡು ಜಗುಲಿಯಲ್ಲಿ ಕೂತಿದ್ದ.

"ಕೈ ತೋರ್ಸಿ, ಮಾವ," ಎಂದಳು ಶ್ಯಾಮಲ.

"ನಂಗೇನೂ ಇಲ್ಲ ಬುಡಮ್ಮ. ತೋರ್ಸಿದ್ರೆ ನನ್ನೂ ಕೂಡಾಕ್ತೀರ. ಎಮ್ಮೆ ಯಾರು ನೋಡ್ತಾರೆ?"

"ಕೂಡಾಕಾಕೆ ಬಂದಿಲ್ಲ. ನಿಮ್ಮ ಮನೆಯೋರ್ನ ಬಿಡ್ಸಾಕೆ ಬಂದಿವ್ನಿ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಟವೆಲು ಬಿಚ್ಚಿದ. ಹೆಬ್ಬೆರಳಿನ ಗೆಣ್ಣಿನ ಮೇಲೆ ಹೊಸ ಗುಳ್ಳೆ ಏಳುತ್ತಿತ್ತು. ಹೆಂಡತಿ ಆಸ್ಪತ್ರೆ ಸೇರಿದ ಮೇಲೆ ಹಾಲು ಕರೆಯುತ್ತಿದ್ದವನು ಅವನೇ.

ಕೊಟ್ಟಿಗೆಯಲ್ಲಿ ಎಮ್ಮೆ ಕಾಲು ಝಾಡಿಸಿತು. ಶ್ಯಾಮಲ ಗ್ಲೌಸು ಹಾಕಿಕೊಂಡು, ಅದರ ಹೊಟ್ಟೆಗೆ ಭುಜ ಆನಿಸಿ, ಬಾಯಲ್ಲಿ ಮೆಲ್ಲಗೆ ಸದ್ದು ಮಾಡುತ್ತ ಕುಕ್ಕರಗಾಲಲ್ಲಿ ಕೂತಳು. ಮೊಲೆತೊಟ್ಟುಗಳ ಮೇಲೆ ಕರಿಯ ಹಕ್ಕಳೆಗಳು, ಕರುವಿನ ಮೂತಿಯ ಮೇಲೂ ಒಂದು. ಸಾಯಿಕುಮಾರ್ ಹಕ್ಕಳೆ ತೆಗೆದು ಡಬ್ಬಿಗೆ ಹಾಕಿಕೊಂಡ. ಅವಳು ದೊಡ್ಡವೆಂಕಟಪ್ಪನ ಗುಳ್ಳೆಯಿಂದಲೂ ತೆಗೆದುಕೊಂಡಳು.

ಪಕ್ಕದ ಮನೆಯ ಕನಕಮ್ಮ ಮೋಟುಗೋಡೆಯ ಆಚೆ ನಿಂತಿದ್ದಳು. "ಅದು ಅಂಟ್ತದಂತಲ್ಲಮ್ಮ?"

"ಅಂಟ್ತದೆ. ಗಾಯ ಇರೋ ಕೆಚ್ಚಲ್ನ ಬರೀ ಕೈಲಿ ಮುಟ್ಟಿದ್ರೆ ಅಂಟ್ತದೆ, ಇವರ ಗಾಯ ಮುಟ್ಟಿದ್ರೂ ಅಂಟ್ತದೆ. ಗೋಡೆ ಆಚೆ ನಿಂತು ಮಾತಾಡ್ಸಿದ್ರೆ ಅಂಟಲ್ಲ. ನಿಮ್ಮ ಎಮ್ಮೆದೂ ತೋರ್ಸಿ, ನೋಡ್ತೀವಿ."

ಕನಕಮ್ಮ ತೋರಿಸಿದಳು. ಆ ಎಮ್ಮೆಯ ಕೆಚ್ಚಲಿನ ಮೇಲೆ ವಾಸಿಯಾದ ಗಾಯದ ಗುರುತುಗಳಿದ್ದವು.

ಲ್ಯಾಬಿನ ಫಲಿತಾಂಶ ಬಂದಾಗ ವರಲಕ್ಷ್ಮಮ್ಮನ ಬೆರಳು, ದೊಡ್ಡವೆಂಕಟಪ್ಪನ ಬೆರಳು, ಎಮ್ಮೆಯ ಕೆಚ್ಚಲು ಮೂರರಲ್ಲೂ ಇದ್ದದ್ದು ಒಂದೇ ವೈರಸ್, ಎಮ್ಮೆ ಸಿಡುಬಿನದು. ಪ್ರತ್ಯೇಕ ಕೋಣೆಯ ಬಾಗಿಲು ತೆರೆಯಿತು. ಗಾಯ ಒಣಗಿದ ಮೇಲೆ ವರಲಕ್ಷ್ಮಮ್ಮ ಊರಿಗೆ ಹೋದಳು.

ಕಾಲೇಜಿನ ಸಭೆಯಲ್ಲಿ ಈ ಕೇಸನ್ನು ಶ್ಯಾಮಲಳೇ ಮಂಡಿಸಬೇಕೆಂದು ಮೇಡಂ ಹೇಳಿದರು. ಬೇರೆ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು ಕೇಳಿದರು: "ಎಮ್ಮೆಯಿಂದ ಆಕೆಗೆ ಬಂತು ಅಂತೀರಿ. ಆಕೆಯಿಂದ ಎಮ್ಮೆಗೆ ಯಾಕೆ ಹೋಗಿರಬಾರದು?"

ಸಭೆ ಅವಳತ್ತ ತಿರುಗಿತು. ಶ್ಯಾಮಲ ಹೇಳಿದಳು: "ಆಕೆಗೆ ಜ್ವರ ಬರುವ ಮೊದಲೇ ಎಮ್ಮೆ ಒದೆಯಲು ಶುರುಮಾಡಿತ್ತು, ಸರ್. ಪಕ್ಕದ ಮನೆಯ ಎಮ್ಮೆಗೆ ಅದಕ್ಕೂ ಮುಂಚೆ ಗಾಯವಾಗಿ ವಾಸಿಯಾಗಿದೆ, ಆ ಎಮ್ಮೆಯನ್ನು ವರಲಕ್ಷ್ಮಮ್ಮ ಮುಟ್ಟಿಲ್ಲ. ಆ ಊರಿಗೆ ಮೊದಲು ಎಲ್ಲಿಂದ ಬಂತು ಅಂದರೆ ನನಗೆ ಗೊತ್ತಿಲ್ಲ. ಹುಡುಕಬೇಕು."

ಅವರು ತಲೆದೂಗಿ ಕೂತರು. ಅಂದು ಸಂಜೆ ಕಾಫಿ ಕುಡಿಯುತ್ತ ಮೇಡಂ, "ಹುಡುಕಬೇಕು ಅಂದೆಯಲ್ಲ, ಯಾವಾಗಿಂದ?" ಎಂದಷ್ಟೇ ಕೇಳಿದರು.

ಎಂ.ಡಿ. ಮುಗಿದ ಕೂಡಲೇ ಬೆಂಗಳೂರಿನ ಲೇಸರ್ ಕ್ಲಿನಿಕ್ ಒಂದು ಅವಳನ್ನು ಕರೆಯಿತು. ಶ್ಯಾಮಲ ಒಲ್ಲೆನೆಂದಳು. ಅದಕ್ಕಾಗಿ ಅವಳು ಒಂದು ದಿನವೂ ಪೇಚಾಡಲಿಲ್ಲ. ಕಾಲೇಜಿನಲ್ಲೇ ಮೊದಲು ಸೀನಿಯರ್ ರೆಸಿಡೆಂಟ್, ಆಮೇಲೆ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿ, ಬಂಗಾರಪೇಟೆ ಸುತ್ತಲಿನ ಹಳ್ಳಿಗಳಲ್ಲಿ ಹಾಲು ಕರೆಯುವವರ ಕೈಗಳನ್ನು ಸಾಯಿಕುಮಾರ್ ಜೊತೆ ನೋಡುತ್ತ ಬಂದಳು. ಆ ಕೆಲಸದ ಮೊದಲ ಲೇಖನ ಈ ವರ್ಷ ಅಚ್ಚಾಯಿತು.

ಕಳೆದ ತಿಂಗಳು ಅವಳು ತನ್ನ ಪಿ.ಜಿ. ವಿದ್ಯಾರ್ಥಿಗಳನ್ನು ಬೂದಿಕೋಟೆ ಕಡೆಯ ಒಂದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಮುನೀಂದ್ರ ಎಂಬ ವಿದ್ಯಾರ್ಥಿ ಸಗಣಿ ದಾಟಲು ಹಿಂಜರಿದು ಬಾಗಿಲಲ್ಲೇ ನಿಂತ.

"ಅಲ್ಲಿಂದ ಏನು ಕಾಣತ್ತೆ?" ಎಂದಳು ಶ್ಯಾಮಲ.

"ಏನೂ ಕಾಣ್ತಿಲ್ಲ, ಮೇಡಂ."

"ಹಾಗಾದರೆ ಒಳಗೆ ಬಾ."

ಅವನು ಪ್ಯಾಂಟು ಮಡಚಿಕೊಂಡು ಒಳಗೆ ಬಂದ. ಶ್ಯಾಮಲ ಎಮ್ಮೆಯ ಪಕ್ಕದಿಂದ ಸರಿದು ಅವನಿಗೆ ಜಾಗ ಬಿಟ್ಟಳು.