ಇಬ್ಬರು ಮೂವತ್ತೇಳು

ಅಮೆರಿಕನ್ ಫುಟ್‌ಬಾಲ್ ಅಂದರೆ ಏನೆಂದು ಏಪೆಕ್ಸ್ ಎಂಬ ಊರಿನ ಸೂರ್ಯನಾರಾಯಣನಿಗೆ ಅಮೆರಿಕಕ್ಕೆ ಬಂದು ಇಪ್ಪತ್ತೆರಡು ವರ್ಷವಾದರೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಕೊರಗೂ ಇರಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವುದಕ್ಕೆ ನಾಲ್ಕು ಗಂಟೆ ಯಾಕೆ ಬೇಕು ಎಂದು ಆಫೀಸಿನಲ್ಲಿ ಕೇಳಿ ತಾನೊಬ್ಬನೇ ನಗುತ್ತಿದ್ದ. 2023ರ ಆಗಸ್ಟಿನಲ್ಲಿ ಅವನ ಮಗ ಶಶಾಂಕ್ ಸೌತ್ ಕೆರೊಲಿನಾದ ಸಣ್ಣ ಕಾಲೇಜೊಂದರ ತಂಡಕ್ಕೆ ಸೇರಿದ. ಸ್ಕಾಲರ್‌ಶಿಪ್ ಇಲ್ಲ, ಮೈದಾನಕ್ಕೆ ಇಳಿಸುತ್ತಾರೆಂಬ ಭರವಸೆಯೂ ಇಲ್ಲ. ಆದರೆ ಮೂವತ್ತೇಳನೇ ನಂಬರಿನ ಜರ್ಸಿ ಕೊಟ್ಟರು. ಅವತ್ತಿನಿಂದ ಸೂರ್ಯನಾರಾಯಣ ಆ ಆಟದ ತಜ್ಞನಾದ.

ಪರಿಚಯದವರಿಗೆಲ್ಲ ಫೋನ್ ಹೋಯಿತು. ಮೂರು ಮತ್ತು ಏಳು ಕೂಡಿದರೆ ಹತ್ತು, ಹತ್ತು ಅಂದರೆ ಪೂರ್ಣ ಎಂದು ಕಂಡುಹಿಡಿದು, ಶಾರ್ಲೆಟ್ಟಿನಲ್ಲಿರುವ ಭಾವಮೈದುನ ಮುರಳೀಧರನಿಗೆ ಅರ್ಧ ಗಂಟೆ ವಿವರಿಸಿದ. ಮುರಳೀಧರ ಸಮಾಧಾನದಿಂದ ಕೇಳಿಸಿಕೊಂಡು, ತಂಡದ ವೆಬ್‌ಸೈಟು ತೆರೆದು ನೋಡಿ, "ಭಾವ, ಇಲ್ಲಿ ಮೂವತ್ತೇಳು ಇಬ್ಬರಿದ್ದಾರಲ್ಲ" ಅಂದ.

ಇದ್ದರು. ಒಬ್ಬ ಶಶಾಂಕ್, ಎಪ್ಪತ್ತೆರಡು ಕಿಲೋ. ಇನ್ನೊಬ್ಬ ಮಾರ್ಕಸ್ ಹಾಲೊವೇ, ನೂರಾ ಆರು ಕಿಲೋ.

ಸೂರ್ಯನಾರಾಯಣ ವೃತ್ತಿಯಿಂದ ಡೇಟಾಬೇಸ್ ನೋಡಿಕೊಳ್ಳುವವನು. ಒಂದೇ ನಂಬರು ಇಬ್ಬರಿಗೆ ಹೋಗದಂತೆ ಕಾಯುವುದೇ ಅವನ ಅನ್ನ. ತನ್ನ ಸ್ವಂತ ಮಗನೇ ಒಂದು ಡೂಪ್ಲಿಕೇಟ್ ಎಂಬ ಸಂಗತಿಯನ್ನು ಅವನು ತಣ್ಣಗೆ ನುಂಗಲಾರದೆ ಹೋದ. ಕೂಡಲೇ ಮಗನಿಗೆ ಫೋನ್ ಮಾಡಿದ.

"ಅಪ್ಪ, ಇಟ್ಸ್ ಫೈನ್. ಟೀಮ್‌ನಲ್ಲಿ ನೂರಾಹತ್ತು ಜನ ಇದ್ದಾರೆ. ನಂಬರ್ಸ್ ಸಾಕಾಗಲ್ಲ."

"ಹಾಗಂತ ಹಂಚೋದಾ? ಅದೇನು ಪ್ರಸಾದಾನ?"

"ರೂಲ್ ಇದೆ ಅಪ್ಪ. ಟೂ ಪೀಪಲ್ ಸೇಮ್ ನಂಬರ್ ಹಾಕಬಹುದು. ಒಟ್ಟಿಗೆ ಫೀಲ್ಡ್‌ನಲ್ಲಿ ಇರಬಾರದು, ಅಷ್ಟೇ. ಅವನು ಡಿಫೆನ್ಸ್, ನಾನು ಆಫೆನ್ಸ್. ನಾವು ಒಟ್ಟಿಗೆ ಇರೋದೇ ಇಲ್ಲ."

"ಇದ್ರೆ?"

"ಪೆನಾಲ್ಟಿ. ಅಪ್ಪ, ಐ ಹ್ಯಾವ್ ಕ್ಲಾಸ್."

ಮಗನಿಗೆ ಕ್ಲಾಸ್ ಇತ್ತು, ಅಪ್ಪನಿಗೆ ಬಿಡುವಿತ್ತು. ಆ ವಾರಾಂತ್ಯ ಕಾಲೇಜು ಫುಟ್‌ಬಾಲಿನ ನಿಯಮಗಳ ಇಡೀ ಪುಸ್ತಕವನ್ನು ಇಳಿಸಿಕೊಂಡು ಓದಿದ. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಗಂಡ ಯಾವುದನ್ನೂ ಇಷ್ಟು ಭಕ್ತಿಯಿಂದ ಓದಿದ್ದನ್ನು ಕಾತ್ಯಾಯಿನಿ ಕಂಡಿರಲಿಲ್ಲ. ಪ್ರತಿ ಸಲ ಅಂಕ ಬಂದ ಮೇಲೂ ಚೆಂಡನ್ನು ಒದ್ದು ಆಟ ಮತ್ತೆ ಶುರುಮಾಡುವ ಕಿಕಾಫ್‌ನಲ್ಲಿ ತಂಡದ ಡಿಫೆನ್ಸ್, ಆಫೆನ್ಸ್ ಎರಡರ ಆಟಗಾರರನ್ನೂ ಬೆರೆಸಿ ಇಳಿಸುತ್ತಾರೆ, ಗಂಡಾಂತರ ಇರುವುದು ಅಲ್ಲೇ ಎಂದು ಅವನು ಪತ್ತೆಹಚ್ಚಿದ. ಕೋಚ್‌ಗೆ ನಾಲ್ಕು ಪ್ಯಾರಾದ ಇಮೇಲ್ ಬರೆದ. ಒಂದೇ ಸಾಲಿನ ಉತ್ತರ ಬಂತು: ನಿಮ್ಮ ಉತ್ಸಾಹಕ್ಕೆ ಧನ್ಯವಾದ.

"ನೋಡಿದ್ಯಾ, ಥ್ಯಾಂಕ್ಸ್ ಹೇಳಿದ್ದಾನೆ," ಎಂದು ಹೆಂಡತಿಗೆ ತೋರಿಸಿದ.

"ಹೂಂ. ಇನ್ನು ಬರೀಬೇಡಿ ಅಂತ ಅರ್ಥ," ಅಂದಳು ಕಾತ್ಯಾಯಿನಿ.

ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳೂ ಶಶಾಂಕ್ ಬೆಂಚಿನ ಮೇಲೆ ಕೂತು ತಂಡವನ್ನು ಬೆಂಬಲಿಸಿದ. ನವೆಂಬರಿನ ಕೊನೆಯ ಪಂದ್ಯಕ್ಕೆ ಇಬ್ಬರು ಹುಡುಗರ ಮಂಡಿ ಕೈಕೊಟ್ಟಿತು. ಕಿಕಾಫ್ ತಂಡದಲ್ಲಿ ನೀನಿರಬಹುದು ಎಂದು ಕೋಚ್ ಹೇಳಿದ್ದೇ ತಡ, ಗಂಡ ಹೆಂಡತಿ ಚಿತ್ರಾನ್ನ ಕಟ್ಟಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿ ಬಂದರು.

ಸಣ್ಣ ಸ್ಟೇಡಿಯಂ. ಸೂರ್ಯನಾರಾಯಣನ ಪಕ್ಕದಲ್ಲಿ ಎದುರು ತಂಡದ ಟೋಪಿ ಹಾಕಿಕೊಂಡ, ಎಪ್ಪತ್ತು ದಾಟಿದ ಬೆಟ್ಟಿ ಎಂಬಾಕೆ ಉಣ್ಣೆ ಹೆಣೆಯುತ್ತ ಕೂತಿದ್ದರು. ಕೇಳುವ ಕಿವಿ ಸಿಕ್ಕಿತು. ಮೊದಲರ್ಧ ಮುಗಿಯುವಷ್ಟರಲ್ಲಿ ಅವರಿಗೆ ಒಂದೇ ನಂಬರಿನ ಇಬ್ಬರ ನಿಯಮ, ಅದರ ಉಪನಿಯಮ, ಕೋಚ್‌ನ ಉಡಾಫೆ, ಎಲ್ಲವೂ ಬಾಯಿಪಾಠವಾಗಿತ್ತು.

"ಅಗೋ ನೋಡಿ, ಆ ದಪ್ಪ ಹುಡುಗನೂ ಮೂವತ್ತೇಳು, ನನ್ನ ಮಗನೂ ಮೂವತ್ತೇಳು. ಇಬ್ಬರನ್ನೂ ಒಟ್ಟಿಗೆ ಇಳಿಸಿದರೆ ಕೆಟ್ಟರು. ಇವರು ಖಂಡಿತ ಮರೀತಾರೆ, ಬರೆದಿಟ್ಕೊಳ್ಳಿ," ಅಂದ.

"ಎಷ್ಟು ಚೆನ್ನಾಗಿ ವಿವರಿಸ್ತೀಯಪ್ಪ," ಎಂದು ಬೆಟ್ಟಿ ಸೂಜಿಗಳನ್ನು ಬದಿಗಿಟ್ಟು ಫೋನ್ ತೆಗೆದರು. "ನನ್ನ ಮಗ ನಮ್ಮ ಟೀಮಿನ ಸಾಮಾನೆಲ್ಲ ನೋಡ್ಕೊಳ್ಳೋನು. ಕೆಳಗೆ ಕೋಚ್ ಪಕ್ಕದಲ್ಲೇ ನಿಂತಿದ್ದಾನೆ. ಇಂಥದ್ದೆಲ್ಲ ಅವನಿಗೆ ಬಹಳ ಇಷ್ಟ."

"ಕಳಿಸಿ, ಕಳಿಸಿ," ಅಂದ ಸೂರ್ಯನಾರಾಯಣ, ಜ್ಞಾನ ಪಸರಿಸಿದ ತೃಪ್ತಿಯಲ್ಲಿ.

"ರೀ, ಸ್ವಲ್ಪ ಬಾಯಿ ಮುಚ್ಕೊಂಡು ಮ್ಯಾಚ್ ನೋಡಿ," ಅಂದಳು ಕಾತ್ಯಾಯಿನಿ. ಆಗಲೇ ತಡವಾಗಿತ್ತು.

ಕೊನೆಯದಾದ ನಾಲ್ಕನೇ ಕ್ವಾರ್ಟರಿನಲ್ಲಿ ತಂಡ ಅಂಕ ಸಮ ಮಾಡಿಕೊಂಡಾಗ ಶಶಾಂಕ್ ಕಿಕಾಫ್‌ಗೆ ಇಳಿದ. ಚೆಂಡು ಹಾರಿತು. ಎದುರಿನವನು ಹಿಡಿದು ಓಡಿದ, ಒಂದು ದೇಹ ಅವನಿಗೆ ಲಾರಿಯಂತೆ ಗುದ್ದಿತು, ಚೆಂಡು ಕೈಜಾರಿ ಪುಟಿಯಿತು. ಅದನ್ನು ಎತ್ತಿಕೊಂಡವನು ಶಶಾಂಕ್. ಇಪ್ಪತ್ತು ಗಜ ಓಡಿದ. ಹಿಂದೆ ಮೂವರು ಅಟ್ಟಿಸಿಕೊಂಡು ಬಂದರೂ ತಿರುಗಿ ನೋಡದೆ ಗೆರೆ ದಾಟಿದ. ಟಚ್‌ಡೌನ್, ಆರು ಅಂಕ.

ಸೂರ್ಯನಾರಾಯಣ ಬೆಂಚಿನ ಮೇಲೆ ಹತ್ತಿ ಕುಣಿದ. ಗುರುತಿಲ್ಲದ ಇಬ್ಬರನ್ನು ತಬ್ಬಿಕೊಂಡ. ಬೆಟ್ಟಿಯನ್ನೂ ತಬ್ಬಿಕೊಳ್ಳುವವನಿದ್ದ, ಆದರೆ ಅವರು ಮೈದಾನದ ಅಂಚನ್ನೇ ನೋಡುತ್ತಿದ್ದರು. ಅಲ್ಲಿ ಎದುರು ತಂಡದ ಕೋಚ್ ರೆಫರಿಯ ಪಕ್ಕ ನಿಂತು ಒಂದು ಕೈಯಲ್ಲಿ ಶಶಾಂಕ್‌ನನ್ನು, ಇನ್ನೊಂದು ಕೈಯಲ್ಲಿ ಆ ಲಾರಿಯನ್ನು ತೋರಿಸುತ್ತಿದ್ದ. ಲಾರಿಯ ಬೆನ್ನ ಮೇಲೂ ಮೂವತ್ತೇಳು. ತಪ್ಪಾಯಿತೆಂದು ರೆಫರಿ ಎಸೆಯುವ ಹಳದಿ ಬಾವುಟ ಆಗಲೇ ನೆಲದ ಮೇಲೆ ಬಿದ್ದಿತ್ತು.

ರೆಫರಿ ಮೈಕಿನಲ್ಲಿ ಹೇಳಿದ: ಒಂದೇ ನಂಬರಿನ ಇಬ್ಬರು ಒಟ್ಟಿಗೆ ಆಡಿದ್ದಾರೆ, ಅಂಕ ಇಲ್ಲ, ಮತ್ತೆ ಒದೆಯಬೇಕು.

ಸೂರ್ಯನಾರಾಯಣ ಹೇಳಿದ್ದು ಆರು ಸಾವಿರ ಜನರೆದುರು ಅಕ್ಷರಶಃ ಸರಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಸಿಕ್ಕ ಈ ಗೌರವವನ್ನು ಅವನು ಬೆಂಚಿನಿಂದ ಇಳಿದು ಕೂತು ಸ್ವೀಕರಿಸಿದ.

"ನೀನು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಕಣಪ್ಪ," ಎಂದು ಬೆಟ್ಟಿ ಅವನ ಕೈ ತಟ್ಟಿದರು.

ಮತ್ತೆ ಒದೆದರು. ಈ ಸಲ ಶಶಾಂಕ್ ಬೆಂಚಿನಲ್ಲಿದ್ದ. ಎದುರು ತಂಡ ಆ ಚೆಂಡಿನಿಂದಲೇ ಅಂಕ ಮಾಡಿ ಪಂದ್ಯ ಗೆದ್ದಿತು.

ಸಂಜೆ ಪಾರ್ಕಿಂಗ್ ಲಾಟಿಗೆ ಶಶಾಂಕ್ ಬಂದಾಗ ಮಾರ್ಕಸ್ ಕೂಡ ಜೊತೆಯಲ್ಲಿದ್ದ. ಅವನ ಮನೆಯವರು ಬಂದಿರಲಿಲ್ಲ. ಕಾತ್ಯಾಯಿನಿ ಕಾರಿನ ಹಿಂಬಾಗಿಲು ತೆರೆದು ಇಬ್ಬರಿಗೂ ಚಿತ್ರಾನ್ನ ಬಡಿಸಿದಳು. ಮಾರ್ಕಸ್ ನಿಂತೇ ಎರಡು ತುತ್ತು ತಿಂದು, ಸೂರ್ಯನಾರಾಯಣನ ಕಡೆ ತಿರುಗಿದ.

"ತಪ್ಪು ನನ್ನದು ಸರ್. ಈ ಸಲ ನೀನು ಹೊರಗಿರು ಅಂತ ಕೋಚ್ ಹೇಳಿದ್ದರಂತೆ, ಗಲಾಟೆಯಲ್ಲಿ ಕೇಳಿಸಲಿಲ್ಲ. ನಿಮ್ಮ ಮಗನ ಟಚ್‌ಡೌನ್ ನನ್ನಿಂದ ಹೋಯಿತು."

ಆ ಹುಡುಗನ ಮಾತನ್ನೇ ಒಪ್ಪಿಕೊಂಡು ಸುಮ್ಮನಿದ್ದುಬಿಡುವ ಅವಕಾಶ ಸೂರ್ಯನಾರಾಯಣನ ಮುಂದೆ ನಿಂತಿತ್ತು. ಕಾತ್ಯಾಯಿನಿಯೂ ಅವನನ್ನೇ ನೋಡುತ್ತ ನಿಂತಿದ್ದಳು.

"ನಿನ್ನಿಂದಲ್ಲ," ಅಂದ ಕೊನೆಗೆ. "ನಾನು ಹೇಳಿಕೊಟ್ಟೆ. ಪಕ್ಕದಲ್ಲಿ ಕೂತಿದ್ದವರಿಗೆ. ಅವರು ಆ ಕಡೆಯವರು."

ಶಶಾಂಕ್‌ನ ಕೈ ತಟ್ಟೆಯಲ್ಲೇ ನಿಂತಿತು. "ಅಪ್ಪ, ಯೂ ಟೋಲ್ಡ್ ದೆಮ್?"

"ನಿಯಮ ವಿವರಿಸ್ತಿದ್ದೆ ಕಣೋ."

ಮಾರ್ಕಸ್ ಮೊದಲು ಕೆಮ್ಮಿದ, ಆಮೇಲೆ ಕಡ್ಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕ. ಶಶಾಂಕ್ ನಗಲಿಲ್ಲ. ಬೂಟಿನಲ್ಲಿ ಟಾರು ಕೆರೆಯುತ್ತ ಮೆಲ್ಲಗೆ ಕೇಳಿದ.

"ಆದ್ರೆ ನೀವು ನೋಡಿದ್ರಾ? ನಾನು ಓಡಿದ್ದು?"

"ನೋಡಿದೆ," ಅಂದ ಸೂರ್ಯನಾರಾಯಣ. "ಪೂರ್ತಿ ನೋಡಿದೆ. ಇಪ್ಪತ್ತು ಗಜ."

"ಟ್ವೆಂಟಿ ತ್ರೀ," ಅಂದ ಶಶಾಂಕ್.

ಅಪ್ಪ ಅದಕ್ಕೆ ತಿದ್ದುಪಡಿ ಹೇಳಲಿಲ್ಲ. ಕಾತ್ಯಾಯಿನಿ ಉಳಿದ ಚಿತ್ರಾನ್ನವನ್ನು ಮಗನಿಗೊಂದು ಪಾಲು, ಮಾರ್ಕಸ್‌ಗೆ ಎರಡು ಪಾಲು ಹಾಕಿ, ಗಂಡನ ತಟ್ಟೆಯ ಕಡೆ ಕಣ್ಣೂ ಹಾಯಿಸದೆ ಡಬ್ಬಿ ಮುಚ್ಚಿದಳು.