ಎರಡೂ ಕಡೆ ಹೆಸರು

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಬೆಂಗಳೂರು ಬಿಟ್ಟು ಜಪಾನಿನ ಕಾವಾಸಾಕಿಗೆ ಬಂದು ವರ್ಷಗಳಾಗಿದ್ದರೂ, ಒಂದೇ ಪ್ರಯಾಣಕ್ಕೆ ಎರಡು ರೈಲಿನಲ್ಲಿ ಟಿಕೆಟ್ ಮಾಡಿಸಿಟ್ಟುಕೊಳ್ಳುವ ಬುದ್ಧಿ ಮಧುಕರನನ್ನು ಬಿಟ್ಟಿರಲಿಲ್ಲ. ಮಗಳು ಅನುವಿನ ಬೇಸಿಗೆ ರಜೆಯಲ್ಲಿ ಜಪಾನಿನ ಆಲ್ಪ್ಸ್ ಬೆಟ್ಟದಲ್ಲಿ ಒಂದು ರಾತ್ರಿ ತಂಗುವುದೆಂದು ಗೊತ್ತಾದಾಗಲೂ ಅಷ್ಟೇ. ಶಿಖರದ ಬಳಿ ಒಂದು ತಂಗುಮನೆ, ಕೆಳಗೆ ಹೊಳೆಯ ಪಕ್ಕ ಇನ್ನೊಂದು. ಒಂದೇ ರಾತ್ರಿಗೆ ಎರಡೂ ಕಡೆ ಹೆಸರು ಕೊಟ್ಟ.

"ವೆದರ್ ನೋಡ್ಕೊಂಡು ಒಂದನ್ನ ಕ್ಯಾನ್ಸಲ್ ಮಾಡಿದ್ರಾಯ್ತು ಬಿಡು," ಎಂದ ಹೆಂಡತಿ ಯಾಮಿನಿಗೆ.

ಮೇಲಿನ ಮನೆಯ ಯಜಮಾನರು ಇನಾಗಾಕಿ ಸಾನ್, ವಯಸ್ಸಾದವರು. ಫೋನಿನಲ್ಲಿ ಊಟದ ವಿಚಾರವನ್ನೇ ಬಹಳ ಹೊತ್ತು ಕೇಳಿದ್ದರು. ಮೀನು ಬೇಡವೇ? ಮೀನಿನ ರಸವೂ ಬೇಡವೇ? ಸರಿ, ಮಗುವಿಗೂ ನಿಮಗೂ ಬೇರೆಯಾಗಿಯೇ ಬೇಯಿಸುತ್ತೇನೆ, ಹುಷಾರಾಗಿ ಬನ್ನಿ, ಎಂದಿದ್ದರು.

ಹೊರಡುವ ಬೆಳಿಗ್ಗೆ ಮೋಡ ಕವಿದಿತ್ತು. ಕೆಳಗಿನ ಮನೆಯೇ ಸಾಕೆಂದು ತೀರ್ಮಾನವಾಯಿತು. ಆದರೆ ಅಷ್ಟು ಅಕ್ಕರೆಯಿಂದ ಮಾತಾಡಿದವರಿಗೆ ಬರುವುದಿಲ್ಲವೆಂದು ಹೇಳುವುದು ಹೇಗೆ, ಅದೂ ಆ ಮರ್ಯಾದೆಯ ಜಪಾನಿ ಭಾಷೆಯಲ್ಲಿ? ಮಧುಕರ ಫೋನ್ ಕೈಗೆ ತೆಗೆದುಕೊಂಡ, ಮತ್ತೆ ಜೇಬಿಗಿಳಿಸಿದ. ಬರದಿದ್ದರೆ ಅವರಿಗೇ ತಿಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ರೀ, ಮೇಲಿನವರಿಗೆ ಫೋನ್ ಮಾಡಿದ್ರಾ?" ಬಸ್ಸಿನಲ್ಲಿ ಯಾಮಿನಿ ಕೇಳಿದಳು.

"ಹ್ಞೂಂ, ಮಾಡ್ದೆ."

ಸುಳ್ಳು ಸಲೀಸಾಗಿ ಬಂತು. ಮುಂದೆ ಬೆಟ್ಟದ ದಾರಿಯಲ್ಲಿ ಸಿಗ್ನಲ್ ಕೂಡ ಇರಲಿಲ್ಲ.

ಸಂಜೆ ಹೊಳೆಯ ಪಕ್ಕದ ಮನೆಯಲ್ಲಿ ಅಲ್ಲಿ ತಂಗಿದ್ದವರೆಲ್ಲರ ಜೊತೆ ಊಟಕ್ಕೆ ಕೂತಾಗ ಹೊರಗೆ ಜೋರು ಮಳೆ. ತಂಗುಮನೆಗಳು ತಮ್ಮತಮ್ಮಲ್ಲಿ ಮಾತಾಡುವ ವೈರ್‌ಲೆಸ್ ಕರಕರ ಸದ್ದು ಮಾಡಿತು. ಅದರಲ್ಲಿ ಹೆಂಗಸೊಬ್ಬಳು ಗಾಬರಿಯಿಂದ ಏನೋ ಕೇಳುತ್ತಿದ್ದಳು. ಕನ್ನಡಕ್ಕಿಂತ ಜಪಾನಿಯೇ ಚೆನ್ನಾಗಿ ಬರುವ ಅನು ಚಾಪ್‌ಸ್ಟಿಕ್ ಕೆಳಗಿಟ್ಟಳು.

"ಅಪ್ಪಾ, ಮೇಲಿನ ಹಟ್‌ಗೆ ಇಂಡಿಯನ್ ಫ್ಯಾಮಿಲಿ ಇನ್ನೂ ಬಂದಿಲ್ವಂತೆ. ಚಿಕ್ಕ ಹುಡುಗಿ ಇದಾಳಂತೆ. ಇನಾಗಾಕಿ ಸಾನ್ ಮಳೇಲಿ ಹುಡುಕಕ್ಕೆ ಹೋಗಿದಾರೆ. ಈಸ್ ದಟ್ ಅಸ್?"

ಯಾಮಿನಿ ಗಂಡನ ಮುಖ ನೋಡಿದಳು.

ಸುಮ್ಮನೆ ಕೂತುಬಿಟ್ಟರೆ ಯಾರಿಗೂ ಗೊತ್ತಾಗದು ಎಂಬ ಯೋಚನೆ ಮಧುಕರನ ತಲೆಯಲ್ಲಿ ಹಾದುಹೋಯಿತು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು. ಎದ್ದು, ಎಲ್ಲರೂ ನೋಡುತ್ತಿರುವಂತೆ ವೈರ್‌ಲೆಸ್ಸಿನ ಮುಂದೆ ನಿಂತ. ಮರ್ಯಾದೆಯ ಮಾತುಗಳೆಲ್ಲ ಮರೆತುಹೋಗಿದ್ದವು.

"ಆ ಇಂಡಿಯನ್ನರು ನಾವೇ. ಕೆಳಗಿನ ಮನೆಯಲ್ಲಿದ್ದೇವೆ. ನಾನು ಫೋನ್ ಮಾಡಲಿಲ್ಲ," ಎಂದ ಮುರುಕು ಜಪಾನಿಯಲ್ಲಿ.

ಆ ಕಡೆ ಒಂದು ನಿಟ್ಟುಸಿರು. "ಯೋಕತ್ತ, ಯೋಕತ್ತ," ಸದ್ಯ ಬದುಕಿದ್ದೀರಲ್ಲ, ಎಂದಳು ಅವಳು. ಇನಾಗಾಕಿಯವರ ಹೆಂಡತಿ. ಆಮೇಲೆ ಗಂಡನನ್ನು ವಾಪಸು ಕರೆಯಲು ಗಂಟೆ ಬಾರಿಸತೊಡಗಿದಳು. ಮಳೆಯ ಸದ್ದಿನ ನಡುವೆ ಆ ಗಂಟೆ ವೈರ್‌ಲೆಸ್ಸಿನಲ್ಲಿ ಕೇಳುತ್ತಲೇ ಇತ್ತು. ಅದು ನಿಲ್ಲುವವರೆಗೂ ಮಧುಕರ ಕೂರಲಿಲ್ಲ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಇಳಿಯಬೇಕಿದ್ದವರು ಮೇಲಕ್ಕೆ ಹತ್ತಿದರು. ದಾರಿಯುದ್ದಕ್ಕೂ ಮಧುಕರ ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡಿದ. ಇನಾಗಾಕಿ ಸಾನ್ ಬಾಗಿಲಲ್ಲೇ ಕೂತಿದ್ದರು, ರಾತ್ರಿ ಉಳುಕಿದ ಕಾಲಿಗೆ ಬಟ್ಟೆ ಸುತ್ತಿಕೊಂಡು. ಇವರನ್ನು ಕಂಡದ್ದೇ ಗೋಡೆ ಹಿಡಿದು ಎದ್ದು ನಿಂತು, ಮಧುಕರ ಬಾಯಿ ತೆರೆಯುವ ಮೊದಲೇ ಸೊಂಟ ಬಾಗಿಸಿದರು.

"ಸುಮಿಮಾಸೆನ್, ಕ್ಷಮಿಸಿ. ನಿನ್ನೆ ಮಾಡಿದ ಊಟ ಆರಿಹೋಗಿದೆ. ಬಿಸಿಮಾಡಿ ತರುತ್ತೇನೆ."

ಬೈದಿದ್ದರೆ ಜೀವ ಹಗುರವಾಗುತ್ತಿತ್ತು. ಅವರು ಕುಂಟುತ್ತಾ ಹೋಗಿ ಮೂರು ಬಟ್ಟಲು ಸಾರು ತಂದಿಟ್ಟರು. ಅನು ಒಂದು ಗುಟುಕು ಕುಡಿದು ನಕ್ಕಳು.

"ಅಪ್ಪಾ, ಮೀನು ಇಲ್ವೇ ಇಲ್ಲ!"

ಮಧುಕರ ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ.