ಬಾಣಂತಿ ಕೋಣೆಯ ಅಲಾರಂ

ಹೊಗೆಗೂ ವಿಷಗಾಳಿಗೂ ಕೂಗುವ ಆ ಅಲಾರಮ್ಮನ್ನು ಅಕ್ಷಯ ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೆ ಹೋದಾಗ ತಂದಿದ್ದ. ಮಲಗುವ ಕೋಣೆಯಲ್ಲೇ ಹಾಕಬೇಕು, ನಿದ್ದೆಯಲ್ಲಿದ್ದವರಿಗೆ ಕೇಳಿಸಬೇಕು ಅಂತ ಓದಿ, ಪಕ್ಕದ ರಾಜ್ಯದ ಮಾದಾಪುರದ ಫ್ಲ್ಯಾಟಿನಲ್ಲಿ ಹೆಂಡತಿ ಹರ್ಷದಾಳ ಮಂಚದ ಹತ್ತಿರವೇ ಗೋಡೆಗೆ ಹಾಕಿದ್ದ. ಓದಿದ್ದೇನೋ ಸರಿಯಾಗೇ ಓದಿದ್ದ, ಪುಣ್ಯಾತ್ಮ.

ಹರ್ಷದಾಳಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಬೀದರಿನಿಂದ ಅತ್ತೆ ಯಮುನಾಬಾಯಿಯೇ ಬಂದರು. ಬಾಣಂತಿಗೆ ಕಾವು ಬೇಡವೇ? ಕಿಟಕಿ ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು, ಮೇಲೆ ಲೋಬಾನ ಉದುರಿಸಿದರು. ಅಲಾರಂ ಮಹಡಿಯೆಲ್ಲ ಕೇಳುವಂತೆ ಚೀರಿತು. ಎದುರು ಫ್ಲ್ಯಾಟಿನವನು ಓಡಿ ಬಂದ. ಅವನು ಅಕ್ಷಯನ ಆಫೀಸಿನವನೇ. ಕೆಂಡ ನೋಡಿ ನಕ್ಕುಬಿಟ್ಟ. ಅಕ್ಷಯನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅದ್ಯಾಕೋ ಹಂಗ ಒದರತೈತಿ?" ಎಂದು ತಾಯಿ ಕೇಳಿದರು.

"ಏನಿಲ್ಲವ್ವ. ಲೋಬಾನದ ಹೊಗಿ ಅದಕ್ಕ ಆಗಂಗಿಲ್ಲ."

ಕೆಂಡದಿಂದ ಬಣ್ಣ ವಾಸನೆ ಇಲ್ಲದ ವಿಷಗಾಳಿಯೂ ಏಳುತ್ತದೆ ಅಂತ ಅವನು ಹೇಳಲಿಲ್ಲ. ಹೇಳಿದರೆ ವಾದ, ವಾದಕ್ಕೆ ತಾಯಿಯ ಸಿಟ್ಟು. ಅಲ್ಲದೆ ಭಾನುವಾರ ಮ್ಯಾನೇಜರು ಮಗು ನೋಡಲು ಬರುವವರಿದ್ದರು. ಅಲಾರಂ ಕಿತ್ತು ಹೊರಗಿನ ಹಾಲ್‌ನಲ್ಲಿ ಟಿವಿ ಮೇಲಿನ ಗೋಡೆಗೆ ಹಾಕಿದ. ಅಲ್ಲಿ ಚೆಂದ ಕಾಣಿಸಿತು, ಬಾಯಿ ಮುಚ್ಚಿಕೊಂಡೂ ಇತ್ತು.

ಚಳಿ ಹೆಚ್ಚಿದ ಒಂದು ಮಧ್ಯಾಹ್ನ ಯಮುನಾಬಾಯಿ ಕೆಂಡವಿಟ್ಟು ಕೋಣೆಯ ಬಾಗಿಲನ್ನೂ ಮುಚ್ಚಿದರು. ತಾಸು ಬಿಟ್ಟು ಸೊಸೆಗೆ ಊಟ ಒಯ್ದು ಎಷ್ಟು ಅಲುಗಿಸಿದರೂ ಅವಳು ಏಳಲಿಲ್ಲ. ಕೂಸೂ ಮಿಸುಕಲಿಲ್ಲ.

ದೇವರು ದೊಡ್ಡವನು, ಆಸ್ಪತ್ರೆಯಲ್ಲಿ ಇಬ್ಬರೂ ಉಳಿದರು. ಡಾಕ್ಟರಮ್ಮ ಹಿಂದಿಯಲ್ಲಿ ಉಗಿದದ್ದೆಲ್ಲ ಯಮುನಾಬಾಯಿಗೆ. ಅವರು ಕೈಮುಗಿದು, "ನಂದ ತಪ್ಪರಿ, ತಿಳೀಲಾರದಾಕಿ ನಾನು," ಎನ್ನುತ್ತಲೇ ಇದ್ದರು. ಅಕ್ಷಯ ಪಕ್ಕದಲ್ಲೇ ನಿಂತಿದ್ದ. ತಿಳಿದವನು ತಾನು, ಬೈಸಿಕೊಳ್ಳುವವರು ತಾಯಿ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಡಾಕ್ಟರಮ್ಮ ಹೋದ ಮೇಲೆ ಅಂತೂ ಬಾಯಿಬಿಟ್ಟ. "ಅವ್ವ, ಆ ಅಲಾರಂ ಇದಕ್ಕಂತ ಇತ್ತು. ಕೆಂಡದ ವಿಷಗಾಳಿಗೆ. ಗೊತ್ತಿದ್ದೂ ನಾನ ತಗದೆ. ಮಂದಿ ನಗತಾರಂತ."

ಯಮುನಾಬಾಯಿ ಮಗನ ಮುಖವನ್ನೇ ನೋಡಿದರು. ಆಮೇಲೆ ಹರ್ಷದಾ ಮಲಗಿದ್ದ ಕಡೆ ಕಣ್ಣು ಹಾಯಿಸಿ, ಅವನ ತೋಳು ಹಿಡಿದರು.

"ಮೆಲ್ಲಕ ಮಾತಾಡು, ಆಕಿಗೆ ಕೇಳಿಸೀತು. ನನ್ನ ತಪ್ಪಂತನ ಇರಲಿ ಬಿಡು."

ಅಕ್ಷಯ ದನಿ ತಗ್ಗಿಸಿ, "ಹೂಂ ಅವ್ವ," ಎಂದ.